ಗಾಂಧೀಜಿಯವರ ಸಭಾಕಂಪ ಮತ್ತು ನಮ್ಮ ಮಕ್ಕಳು

ಸಭಾಕಂಪ ಎಂಬುದು ನಮ್ಮ ಭಾಷೆಯ ಅರ್ಥಪೂರ್ಣವಾದ ಪದಗಳಲ್ಲೊಂದು. ಸಭೆಯನ್ನು ಕಂಡೊಡನೆ ಮೈಯಲ್ಲಿ ಹುಟ್ಟುವ ನಡುಕವೇ ಸಭಾಕಂಪ. ತರಗತಿಯಲ್ಲಿ ಪದ್ಯವನ್ನು ಸರಾಗವಾಗಿ ಒಪ್ಪಿಸುವ ಹುಡುಗ ಸ್ವಾತಂತ್ರ್ಯೋತ್ಸವದ ದಿನ ಮೈಕಿನ ಮುಂದೆ ನಿಂತಾಗ, 'ಮಾನ್ಯ ಅಧ್ಯಕ್ಷರೇ' ಎಂಬಲ್ಲಿಗೆ ನಾಲಿಗೆ ಒಣಗಿ ನಿಂತುಬಿಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಇಂದು ತಂದೆತಾಯಿಗಳಾಗಿದ್ದಾರೆ. “ಮೇಷ್ಟ್ರೇ, ನಮ್ಮ ಮಗು ಮನೆಯಲ್ಲಿ ಬಾಯಿ ಮುಚ್ಚುವುದಿಲ್ಲ, ವೇದಿಕೆಯ ಮೇಲೆ ಬಾಯಿ ಬಿಡುವುದಿಲ್ಲ, ಏನು ಮಾಡೋಣ?” ಎಂದು ಅವರು ಕೇಳುವುದುಂಟು. ಅವರಿಗೆ ಉಪದೇಶಕ್ಕಿಂತ ಇತಿಹಾಸವೇ ಹೆಚ್ಚು ಪ್ರಯೋಜನಕಾರಿಯೆಂದು ನನ್ನ ಎಣಿಕೆ.

ಲಕ್ಷಾಂತರ ಜನರನ್ನು ಮಾತಿನಿಂದ ಎಚ್ಚರಿಸಿದ ಮಹಾತ್ಮ ಗಾಂಧಿಯವರು ಬಾಲ್ಯದಲ್ಲಿ ಅತ್ಯಂತ ಸಂಕೋಚದ ಸ್ವಭಾವದವರಾಗಿದ್ದರು. ಯಾರಾದರೂ ತಮ್ಮನ್ನು ಕಂಡು ನಕ್ಕಾರೆಂಬ ಭಯದಿಂದ ಶಾಲೆ ಬಿಟ್ಟ ಕೂಡಲೇ ಮನೆಗೆ ಓಡುತ್ತಿದ್ದುದನ್ನು ಅವರೇ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1888ರಲ್ಲಿ ವಿಲಾಯಿತಿಗೆ ಹೊರಟಾಗ ರಾಜಕೋಟೆಯ ಹೈಸ್ಕೂಲಿನವರು ಬೀಳ್ಕೊಡುಗೆ ಏರ್ಪಡಿಸಿದರು. ಕೃತಜ್ಞತೆಯ ನಾಲ್ಕು ಮಾತುಗಳನ್ನು ಬರೆದುಕೊಂಡೇ ಹೋಗಿದ್ದರೂ ಅವನ್ನು ಓದುವಾಗ ತಲೆ ಸುತ್ತಿತು, ಮೈಯೆಲ್ಲ ನಡುಗಿತು.

ಲಂಡನ್ನಿನಲ್ಲಿ ಅವರು ಸಸ್ಯಾಹಾರಿಗಳ ಸಂಘದ ಕಾರ್ಯಕಾರಿ ಸಮಿತಿಯ ಸದಸ್ಯರಾದರು. ಪ್ರತಿ ಸಭೆಗೂ ಹೋಗುವರು, ಆದರೆ ಒಂದು ಮಾತನ್ನೂ ಆಡರು. ಡಾ. ಓಲ್ಡ್‌ಫೀಲ್ಡ್ ಎಂಬ ಮಿತ್ರರು, ನನ್ನೊಡನೆ ಚೆನ್ನಾಗಿ ಮಾತನಾಡುವ ನೀನು ಸಮಿತಿಯಲ್ಲೇಕೆ ಮೂಕನಾಗುವೆ ಎಂದು ಕೇಳಿ, ಅವರನ್ನು ದುಡಿಯದ ಗಂಡುಜೇನಿಗೆ ಹೋಲಿಸಿ ನಗೆಯಾಡಿದರು. ಒಮ್ಮೆ ಡಾ. ಆಲಿನ್ಸನ್ ಎಂಬ ಸದಸ್ಯರನ್ನು ಅವರ ಭಿನ್ನಾಭಿಪ್ರಾಯದ ಕಾರಣಕ್ಕಾಗಿ ಸಂಘದಿಂದ ಹೊರಗಿಡುವ ಪ್ರಶ್ನೆ ಬಂತು. ಆಲಿನ್ಸನ್ನರ ಅಭಿಪ್ರಾಯ ಗಾಂಧಿಯವರಿಗೂ ಒಪ್ಪಿಗೆಯಿರಲಿಲ್ಲ. ಆದರೆ ಅದಕ್ಕಾಗಿ ಹೊರಹಾಕುವುದು ಅನ್ಯಾಯವೆಂದು ಅವರಿಗೆ ತೋರಿತು. ಆಡಲು ಧೈರ್ಯ ಸಾಲದೆ ಬರೆದು ತಂದರು. ಓದಲೂ ಆಗಲಿಲ್ಲ. ಅಧ್ಯಕ್ಷರು ಆ ಬರಹವನ್ನು ಇನ್ನೊಬ್ಬರಿಂದ ಓದಿಸಿದರು. ಆಲಿನ್ಸನ್ನರ ಪಕ್ಷಕ್ಕೆ ಸೋಲಾಯಿತಾದರೂ ಆ ಸಂಕೋಚದ ಯುವಕನ ಅಭಿಪ್ರಾಯ ಸಭೆಯನ್ನು ಮುಟ್ಟಿತು.

ವೆಂಟ್‌ನರ್ ಎಂಬ ಊರಿನಲ್ಲಿಯೂ ಹೀಗೆಯೇ ಆಯಿತು. ಬರೆದುಕೊಂಡದ್ದು ಒಂದೇ ಹಾಳೆ. ಓದಲು ಎದ್ದುನಿಂತರೆ ಕಣ್ಣು ಮಂಜಾಯಿತು. ಜೊತೆಗಿದ್ದ ಮಜುಮ್‌ದಾರರು ಅದನ್ನು ಓದಬೇಕಾಯಿತು. 1891ರಲ್ಲಿ ಸ್ವದೇಶಕ್ಕೆ ಹೊರಡುವ ಮುನ್ನ ಹಾಲ್ಬರ್ನ್ ಎಂಬ ಭೋಜನಾಲಯದಲ್ಲಿ ಮಿತ್ರರಿಗೆ ಔತಣವಿತ್ತರು. ಅಂದು ಸಾಹಿತಿ ಆಡಿಸನ್ನನನ್ನು ಕುರಿತ ಹಾಸ್ಯಪ್ರಸಂಗವೊಂದರಿಂದ ಭಾಷಣವನ್ನು ಆರಂಭಿಸಬೇಕೆಂದು ಸಿದ್ಧತೆ ನಡೆಸಿದ್ದರು. ಪಾರ್ಲಿಮೆಂಟಿನಲ್ಲಿ ಆಡಿಸನ್ ಮೊದಲ ಪದವನ್ನೇ ಮೂರು ಸಲ ಹೇಳಿ ಮುಂದೆ ಮಾತು ಹೊರಡದೆ ಕುಳಿತನೆಂಬುದು ಆ ಕಥೆ. ವಿಧಿಯ ವಿನೋದವನ್ನು ನೋಡಿ: ಆ ಕಥೆ ಹೇಳಹೊರಟ ಗಾಂಧಿಯವರಿಗೂ ಮೊದಲ ವಾಕ್ಯದ ಆಚೆ ಏನೂ ನೆನಪಾಗಲಿಲ್ಲ! ಬಂದವರಿಗೆ ವಂದನೆ ಹೇಳಿ ಕುಳಿತುಬಿಟ್ಟರು. ಎರವಲು ತಂದ ಚಮತ್ಕಾರ ಸಮಯಕ್ಕೆ ಕೈಕೊಟ್ಟಿತ್ತು. ನಾವು ಬರೆದುಕೊಟ್ಟ ಭಾಷಣವನ್ನು ಕಂಠಪಾಠ ಮಾಡಿ ನಡುವೆ ಮರೆಯುವ ಮಕ್ಕಳ ಪಾಡೂ ಇದೇ ಅಲ್ಲವೆ?

ಮುಂಬಯಿಗೆ ಬಂದು ವಕೀಲಿ ಆರಂಭಿಸಿದಾಗ ಮಾಮೀಬಾಯಿ ಎಂಬಾಕೆಯ ಪರವಾಗಿ ಸ್ಮಾಲ್ ಕಾಸಸ್ ನ್ಯಾಯಾಲಯದಲ್ಲಿ ಅವರಿಗೆ ಮೊದಲ ದಾವೆ ದೊರೆಯಿತು. ಶುಲ್ಕ 30 ರೂಪಾಯಿ. ಪಾಟೀಸವಾಲಿಗೆ ಎದ್ದುನಿಂತರು. ಎದೆ ಕುಸಿಯಿತು, ಒಂದು ಪ್ರಶ್ನೆಯೂ ಹೊಳೆಯಲಿಲ್ಲ. ಕಕ್ಷಿದಾರರಿಗೆ ಬೇರೆ ವಕೀಲರನ್ನು ಗೊತ್ತುಮಾಡಿಕೊಳ್ಳುವಂತೆ ಹೇಳಿ ಹೊರನಡೆದರು. ನಾಚಿಕೆಯಿಂದ, ಧೈರ್ಯ ಬರುವವರೆಗೆ ದಾವೆಯನ್ನೇ ಹಿಡಿಯಬಾರದೆಂದು ನಿಶ್ಚಯಿಸಿದರು.

ಬದಲಾವಣೆಯ ಮೊದಲ ಗುರುತು ಕಂಡದ್ದು 1893ರಲ್ಲಿ, ದಕ್ಷಿಣ ಆಫ್ರಿಕದ ಪ್ರಿಟೋರಿಯಾ ನಗರದಲ್ಲಿ. ಅಲ್ಲಿಯ ಭಾರತೀಯರ ಸಭೆ ಒಬ್ಬ ಮೇಮನ್ ವ್ಯಾಪಾರಿಯ ಮನೆಯಲ್ಲಿ ಸೇರಿತು. ಬಂದವರಲ್ಲಿ ಹೆಚ್ಚಿನವರು ವ್ಯಾಪಾರಿಗಳೇ. ವ್ಯಾಪಾರದಲ್ಲಿ ಸತ್ಯ ನಡೆಯದೆಂಬ ಅವರ ನಂಬಿಕೆಯನ್ನು ಗಾಂಧಿಯವರು ವಿರೋಧಿಸಿ ಮಾತನಾಡಿದರು. ಶುಚಿತ್ವ, ಒಗ್ಗಟ್ಟು, ತಮ್ಮ ಕಷ್ಟಗಳನ್ನು ಅಧಿಕಾರಿಗಳಿಗೆ ತಿಳಿಸಲು ಒಂದು ಸಂಘದ ಅಗತ್ಯ, ಇವೆಲ್ಲವನ್ನೂ ಹೇಳಿದರು. ತಮ್ಮ ಬದುಕಿನ ಮೊದಲ ಸಾರ್ವಜನಿಕ ಭಾಷಣವೆಂದು ಅವರು ಕರೆದದ್ದು ಇದನ್ನೇ. ಇಲ್ಲಿ ಯಾರನ್ನೂ ಮೆಚ್ಚಿಸಬೇಕಾಗಿರಲಿಲ್ಲ. ಎದುರಿಗಿದ್ದವರು ಪರದೇಶದಲ್ಲಿ ಅವಮಾನಕ್ಕೊಳಗಾದ ತಮ್ಮವರೇ. ಅವರಿಗೆ ಬೇಕಾದ ಮಾತು ಇವರಲ್ಲಿತ್ತು.

ಅಲ್ಲಿಗೆ ಭಯವೆಲ್ಲ ಕಳೆಯಿತೆಂದು ಭಾವಿಸಬೇಡಿ. 1896ರಲ್ಲಿ ಮುಂಬಯಿಯ ಸಭೆಯೊಂದರಲ್ಲಿ, ಸರ್ ಫಿರೋಜ್ ಷಾ ಮೆಹತಾ ಅವರ ಅಧ್ಯಕ್ಷತೆಯಲ್ಲಿ, ಬರೆದು ತಂದ ಭಾಷಣವನ್ನು ಓದತೊಡಗಿದಾಗ ಅವರು ಮತ್ತೆ ನಡುಗಿದರು. ಧ್ವನಿ ಕೇಳಿಸದಾಯಿತು. ಕೊನೆಗೆ ದಿನ್‌ಷಾ ವಾಚಾ ಅವರು ಓದಿದಾಗ ಸಭೆ ಗಮನವಿಟ್ಟು ಆಲಿಸಿತು. 1901ರ ಕಲ್ಕತ್ತಾ ಕಾಂಗ್ರೆಸ್ಸಿನಲ್ಲಿ ನಿರ್ಣಯ ಮಂಡಿಸುವಾಗಲೂ ತಲೆ ಸುತ್ತಿತಂತೆ. ಅದೇ ವ್ಯಕ್ತಿ 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ಎಂಪೈರ್ ನಾಟಕಶಾಲೆಯಲ್ಲಿ ಮೂರು ಸಾವಿರದಷ್ಟು ಜನರ ಮುಂದೆ ಪ್ರತಿಜ್ಞೆಯ ಗಾಂಭೀರ್ಯವನ್ನು ವಿವರಿಸಿದರು. 1924ರಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷಪೀಠದಲ್ಲಿ ಕುಳಿತರು. ಇಷ್ಟಾದ ಮೇಲೂ ಸಂಕೋಚ ಪೂರ್ಣವಾಗಿ ಹೋಗಿಲ್ಲವೆಂದೂ, ಅದರಿಂದ ಮಾತಿನಲ್ಲಿ ಮಿತವ್ಯಯ ಕಲಿತೆನೆಂದೂ ಆತ್ಮಕಥೆಯಲ್ಲಿ ಬರೆದರು.

ಈ ಇತಿಹಾಸದಲ್ಲಿ ನಾವು ಗಮನಿಸದೆ ಬಿಡುವ ಅಂಶವೊಂದಿದೆ. ಗಾಂಧಿಯವರು ಸೋತ ಸಭೆಗಳಲ್ಲಿ ಅನೇಕ ಕಡೆ ಯಾರೋ ಒಬ್ಬರು ಅವರ ಕೈಯ ಹಾಳೆಯನ್ನು ಗೌರವದಿಂದ ತೆಗೆದುಕೊಂಡು ಓದಿದರು. ಲಂಡನ್ನಿನ ಅಧ್ಯಕ್ಷರು, ಮಜುಮ್‌ದಾರ್, ವಾಚಾ, ಇವರೆಲ್ಲ ಆ ನಡುಗುವ ಯುವಕನ ಮಾತನ್ನು ನೆಲಕ್ಕೆ ಬೀಳಗೊಡಲಿಲ್ಲ. ಅಂಥ ಆಸರೆಯಿಲ್ಲದ ನ್ಯಾಯಾಲಯದಿಂದ ಮಾತ್ರ ಅವರು ಹೊರನಡೆದರು. ಸಭಾಕಂಪಕ್ಕೆ ಮದ್ದು ಮಾತನಾಡುವವನಲ್ಲಿ ಎಷ್ಟಿದೆಯೋ ಕೇಳುವ ಸಭೆಯಲ್ಲಿಯೂ ಅಷ್ಟೇ ಇದೆ.

ನನ್ನ ಅಧ್ಯಾಪನದ ವರ್ಷಗಳಲ್ಲಿ ಇದನ್ನು ಅನುಸರಿಸಲು ಯತ್ನಿಸಿದ್ದೇನೆ. ಶನಿವಾರದ ಚರ್ಚಾಕೂಟದಲ್ಲಿ ಮೊದಲ ನಿಯಮ ಕೇಳುವವರಿಗೆ: ತಡವರಿಸಿದವರನ್ನು ಕಂಡು ನಗಬಾರದು, ಮಾತು ಮುಗಿದ ಮೇಲೆ ಒಂದು ಪ್ರಶ್ನೆಯನ್ನಾದರೂ ಕೇಳಬೇಕು. ಮಾತನಾಡಲಾಗದವರು ಬರೆದು ತರಬಹುದು, ಗೆಳೆಯರಿಂದ ಓದಿಸಬಹುದು. ವಿಷಯ ಅವರದೇ ಆಗಿರಬೇಕು. ದೇಶಭಕ್ತಿಯ ಮೇಲೆ ಮೂರು ವಾಕ್ಯ ಹೇಳಲಾರದ ಹುಡುಗ, ಆಲೆಮನೆಯಲ್ಲಿ ಬೆಲ್ಲದ ಪಾಕ ಬಂದುದನ್ನು ಅಪ್ಪ ಹೇಗೆ ಗುರುತಿಸುತ್ತಾನೆಂದು ಹತ್ತು ನಿಮಿಷ ವಿವರಿಸಿದ್ದನ್ನು ಕೇಳಿದ್ದೇನೆ. ಕೊಪ್ಪರಿಗೆಯ ಸುತ್ತ ಕುಳಿತಂತೆ ಇಡೀ ತರಗತಿ ಮೌನವಾಗಿ ಆಲಿಸಿತ್ತು.

ಮಾತು ಮಗುವಿನ ಮನೆಮಾತಿನಲ್ಲೇ ಮೊದಲಾಗಲಿ. 1916ರ ಫೆಬ್ರುವರಿಯಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಉದ್ಘಾಟನಾ ಸಮಾರಂಭದಲ್ಲಿ, ನಮ್ಮವರೊಡನೆ ಪರಭಾಷೆಯಲ್ಲಿ ಮಾತನಾಡಬೇಕಾದ ಸ್ಥಿತಿ ನಾಚಿಕೆಗೇಡೆಂದು ಗಾಂಧಿಯವರು ಹೇಳಿದ್ದರು. ಭಯದ ಮೇಲೆ ಭಾಷೆಯ ಭಾರವನ್ನೂ ಹೊರಿಸಿದರೆ ಮಗು ಏಳುವುದೆಂತು?

ಆದ್ದರಿಂದ, ಮಕ್ಕಳೇ, ಈಗ ನೀವೂ ತಂದೆತಾಯಿಗಳು. ನಿಮ್ಮ ಮಗು ಒಮ್ಮೆ ಚೆನ್ನಾಗಿ ಮಾತನಾಡಿ ಮುಂದಿನ ಸಲ ತಡವರಿಸಿದರೆ ಗಾಬರಿಯಾಗಬೇಡಿ. ಪ್ರಿಟೋರಿಯಾದ ಮೂರು ವರ್ಷಗಳ ಅನಂತರವೂ ಮುಂಬಯಿಯ ನಡುಕವಿತ್ತು. ಪಕ್ಕದ ಮನೆಯ ಮಗುವಿನೊಡನೆ ಹೋಲಿಸಬೇಡಿ. ಸಂಜೆ ಶಾಲೆಯಿಂದ ಬಂದು ಅದು ಏನನ್ನೋ ಹೇಳಹೊರಟಾಗ ಕೈಯಲ್ಲಿರುವ ಮೊಬೈಲನ್ನು ಕೆಳಗಿಟ್ಟು, ಮಾತು ಮುಗಿಯುವವರೆಗೆ ಕೇಳಿರಿ. ಮಗುವಿನ ಮೊದಲ ಸಭೆ ನೀವೇ.