ರಿಂಗ್‌ಟೋನಿಗೆ ಒಗ್ಗಿದ ಊರಿನ ಹಾಡು

ಅಲ್ಲಮನ ಬಳ್ಳಿಗಾವಿಯನ್ನೂ ಅಕ್ಕಮಹಾದೇವಿಯ ಉಡುತಡಿಯನ್ನೂ ತನ್ನ ಸೀಮೆಯೊಳಗೆ ಇರಿಸಿಕೊಂಡಿರುವ ಶಿಕಾರಿಪುರಕ್ಕಾಗಲಿ, ದೀಪಾವಳಿಯ ಇರುಳಿನಲ್ಲಿ ಜ್ಯೋತಿ ಹಿಡಿದು ಮನೆಮನೆಗೆ ಹಾಡುತ್ತ ಬರುವ ಅಂಟಿಗೆ-ಪಂಟಿಗೆಯವರ ಸೊರಬಕ್ಕಾಗಲಿ ಸಂಗೀತದ ಅಭಾವವು ಎಂದೂ ಉಂಟಾದುದಿಲ್ಲ. ಆದರೆ ಆ ಸಂಗೀತವು ಜೇಬಿನೊಳಗಣ ಮೊಬೈಲಿನ ಕರೆಗಂಟೆಯಾಗಿ ಮೊಳಗುವುದಕ್ಕೆ ಹಲವು ಘಟ್ಟಗಳನ್ನು ದಾಟಬೇಕಾಯಿತು.

ಕತ್ತರಿಯ ಕೆಲಸವು ರಿಂಗ್‌ಟೋನಿನ ಕಲೆಗೆ ಹುಟ್ಟಿನಿಂದಲೇ ಬಂದುದು. ಸ್ಪೇನಿನ ಗಿಟಾರ್ ವಾದಕ ಫ್ರಾನ್ಸಿಸ್ಕೊ ತಾರೆಗಾ 1902ರಲ್ಲಿ ರಚಿಸಿದ 'ಗ್ರಾನ್ ವಾಲ್ಸ್' ಎಂಬ ಕೃತಿಯಿಂದ ಒಂದು ಕಿರುಪಂಕ್ತಿಯನ್ನು ಎತ್ತಿಕೊಂಡು ಫಿನ್‌ಲೆಂಡಿನ ನೋಕಿಯಾ ಸಂಸ್ಥೆಯು 1994ರಲ್ಲಿ ತನ್ನ ಮೊಬೈಲಿನ ನಾದವನ್ನಾಗಿ ಮಾಡಿತು. ನಮ್ಮ ಮಲೆನಾಡಿನ ಅಂಚಿನ ಊರುಗಳಿಗೆ ಮೊಬೈಲು ಹಬ್ಬಿದುದು ತಡವಾಗಿ: 2002ರಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಸೇವೆಯನ್ನು ತೆರೆದು, ಮರುವರ್ಷ ಒಳಬರುವ ಕರೆಗಳಿಗೆ ತೆರುವ ಹಣವು ನಿಂತ ಬಳಿಕ.

ಆ ಕಾಲದ 3310 ಮಾದರಿಯ ನೋಕಿಯಾದಲ್ಲಿ ರಾಗ ಕಟ್ಟುವ ಸೌಲಭ್ಯವೊಂದಿದ್ದಿತು. 1ರಿಂದ 7ರವರೆಗಿನ ಗುಂಡಿಗಳಿಗೆ ಏಳು ಸ್ವರಗಳು, ಸೊನ್ನೆಗೆ ವಿರಾಮ, ನಕ್ಷತ್ರದ ಗುಂಡಿಗೆ ಸ್ಥಾಯಿಯ ಬದಲಾವಣೆ. ಸರಿಗಮ ಬಲ್ಲವನಿಗೆ ಇದಕ್ಕಿಂತ ಸುಲಭವಾದ ವಾದ್ಯವಿಲ್ಲವೆಂದು ಮೊದಲಿಗೆ ತೋರುತ್ತಿದ್ದರೂ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಗಮಕವು ಆ ಗುಂಡಿಗಳಿಗೆ ದಕ್ಕುವಂತಿರಲಿಲ್ಲವಾದುದರಿಂದ, ಚಿತ್ರಗೀತೆಯ ಪಲ್ಲವಿಯ ಗುರುತು ಹೇಗೋ ಸಿಕ್ಕಿದರೂ ವಚನಗಾಯನವು ಕೇವಲ ಲೆಕ್ಕದ ಪಾಠದಂತೆ ಕೇಳುತ್ತಿದ್ದಿತು. ಆದರೂ ಸ್ವಂತ ಕಿವಿಯಿಂದ ಸ್ವರವನ್ನು ಹೆಕ್ಕಿ ತೆಗೆಯಬೇಕಾಗಿದ್ದ ಆ ಘಟ್ಟವೇ ಈ ಇತಿಹಾಸದಲ್ಲಿ ಅತ್ಯಂತ ಗೌರವಾರ್ಹವಾದುದೆಂದು ನನ್ನ ಮತ.

ಅನಂತರ ಹಲವು ವಾದ್ಯಗಳು ಒಟ್ಟಿಗೆ ನುಡಿಯುವ ಪಾಲಿಫೋನಿಕ್ ನಾದ ಬಂದು ಬೇಗನೆ ಹೋಯಿತು. ಮೆಮೊರಿ ಕಾರ್ಡು ಮತ್ತು ಎಂಪಿ3 ಬಂದಮೇಲೆ ಮೊಬೈಲ್ ಅಂಗಡಿಯಲ್ಲಿ ಹಾಡು ಹಾಕಿಸಿಕೊಳ್ಳುವುದು ರೂಢಿಯಾಯಿತು. 2006ರ ಕೊನೆಯಲ್ಲಿ 'ಮುಂಗಾರು ಮಳೆ' ತೆರೆಕಂಡ ಮೇಲಂತೂ ಬಸ್ ನಿಲ್ದಾಣದಲ್ಲಿ ಒಂದು ಫೋನು ಮೊಳಗಿದರೆ ಹತ್ತು ಜನ ಜೇಬು ಮುಟ್ಟಿಕೊಳ್ಳುವಂತಾಯಿತು. ಸಮೃದ್ಧಿ ಹೆಚ್ಚಿದ ಈ ಕಾಲದಲ್ಲಿ ಸ್ವಂತಿಕೆ ಮಾತ್ರ ಕ್ಷೀಣಿಸಿತು.

ಆ ಸ್ವಂತಿಕೆ ಮರಳಿದುದು ಆಂಡ್ರಾಯ್ಡ್ ಫೋನು ಮತ್ತು ಅದರಲ್ಲಿನ 'ರಿಂಗ್‌ಡ್ರಾಯ್ಡ್'ನಂತಹ ಕತ್ತರಿಗಳಿಂದ. ಅವುಗಳಲ್ಲಿ ಧ್ವನಿಯ ಅಲೆಯು ಚಿತ್ರವಾಗಿ ಕಾಣುತ್ತದೆ. ಆದಿ ಅಂತ್ಯಗಳ ಗುರುತನ್ನು ಬೆರಳಿನಿಂದ ಸರಿಸಿ ಬೇಕಾದ ತುಣುಕನ್ನು ಉಳಿಸಿಕೊಳ್ಳಬಹುದು. ಜಾತ್ರೆಯಲ್ಲಿ ತಾನೇ ಧ್ವನಿಮುದ್ರಿಸಿಕೊಂಡ ಡೊಳ್ಳು ಕುಣಿತವನ್ನು ರಿಂಗ್‌ಟೋನಾಗಿಸ ಹೊರಟವನಿಗೆ ಇಲ್ಲಿಯೇ ನಿಜವಾದ ಪರೀಕ್ಷೆ. ಡೊಳ್ಳಿನ ಜೀವವಾದ ಮಂದ್ರನಾದವನ್ನು ಫೋನಿನ ಪುಟ್ಟ ಸ್ಪೀಕರು ಹೊರಡಿಸಲಾರದು. ಎದೆಯನ್ನು ನಡುಗಿಸಿದ ಪೆಟ್ಟು ಅಲ್ಲಿ ಟಪಟಪ ಸದ್ದಾಗಿ ಸೊರಗುತ್ತದೆ. ಆದುದರಿಂದ ತಾಳದ ಝಣತ್ಕಾರವೂ ಕುಣಿಯುವವರ ಕೂಗೂ ಮುಂದೆ ಬರುವ ಭಾಗವನ್ನೇ ಆರಿಸಬೇಕು. ಕಂಪ್ಯೂಟರಿನಲ್ಲಿ 'ಆಡಾಸಿಟಿ' ಎಂಬ ಧ್ವನಿ ತಿದ್ದುವ ತಂತ್ರಾಂಶ ಉಳ್ಳವರು ಮಂದ್ರವನ್ನು ತಗ್ಗಿಸಿ ಮಧ್ಯಮವನ್ನು ಏರಿಸುವುದುಂಟು. ವಚನಗಾಯನದ ಕಷ್ಟವೇ ಬೇರೆ: ಆಲಾಪದಿಂದ ತೊಡಗಿಸಿದರೆ ಮಾತು ಹುಟ್ಟುವ ಮೊದಲೇ ಕರೆ ಕಡಿದುಹೋಗುತ್ತದೆಯಾದ್ದರಿಂದ, ಪಲ್ಲವಿಯ ಎತ್ತುಗಡೆಗೇ ಕತ್ತರಿ ಇಡಬೇಕು. ಅಂಟಿಗೆ-ಪಂಟಿಗೆಯ ಪದಗಳಿಗೆ ಈ ತೊಡಕಿಲ್ಲ. ಒಬ್ಬರು ಹೇಳಿದ ಸೊಲ್ಲನ್ನು ಉಳಿದವರು ಎತ್ತಿಕೊಳ್ಳುವ ಆ ಹಾಡುಗಾರಿಕೆಯು ಮತ್ತೆ ಮತ್ತೆ ಮೊಳಗುವ ರಿಂಗ್‌ಟೋನಿಗೆ ತಾನಾಗಿಯೇ ಹೊಂದಿಕೊಳ್ಳುತ್ತದೆ.

ಒಬ್ಬೊಬ್ಬರ ಹೆಸರಿಗೆ ಒಂದೊಂದು ನಾದವನ್ನು ಜೋಡಿಸುವ ಅನುಕೂಲವೂ ಇದೆ. ಅಕ್ಷರ ಬಾರದ ಅಜ್ಜಿಗೆ ಮೊಮ್ಮಕ್ಕಳು ಇದನ್ನು ಹೊಂದಿಸಿಕೊಟ್ಟರೆ, ಡೊಳ್ಳು ಮೊಳಗಿದಾಗ ಬೆಂಗಳೂರಿನ ಮಗನೆಂದೂ ಪದ ಕೇಳಿದಾಗ ಆನವಟ್ಟಿಯ ಮಗಳೆಂದೂ ಅವಳು ಪರದೆಯನ್ನು ನೋಡದೆಯೇ ತಿಳಿಯಬಲ್ಲಳು.