ಬ್ಲಾಕ್‌ಚೈನ್ ಸಮುದಾಯಗಳ ಸ್ವಾಡಳಿತ

ಕೇಂದ್ರಾಧಿಕಾರಿಯೊಬ್ಬನ ಆಜ್ಞೆಗೆ ಅಧೀನವಾಗದೆ, ಅನೇಕ ಗಣಕಯಂತ್ರಗಳಲ್ಲಿ ಏಕರೂಪವಾಗಿ ರಕ್ಷಿತವಾಗಿರುವ ಲೆಕ್ಕದ ಖಾತೆಯನ್ನು ಆಶ್ರಯಿಸಿ, ಪರಸ್ಪರ ಅಪರಿಚಿತರಾದ ಸದಸ್ಯರು ತಮ್ಮ ನಿಯಮಗಳನ್ನು ತಾವೇ ರಚಿಸಿಕೊಂಡು ಪರಿಪಾಲಿಸುವ ವ್ಯವಸ್ಥೆಯೇ ಬ್ಲಾಕ್‌ಚೈನ್ ಸಮುದಾಯಗಳ ಸ್ವಾಡಳಿತ. 2009ರಲ್ಲಿ ಬಿಟ್‌ಕಾಯಿನ್ ಜಾಲವು ಆರಂಭವಾದ ತರುವಾಯ ಇದು ರೂಪುಗೊಂಡಿತು.

ಕಾರ್ಯವಿಧಾನ: ಸದಸ್ಯನು ಸೂಚನೆಯೊಂದನ್ನು ಮಂಡಿಸಿದಾಗ, ಚರ್ಚಾನಂತರ ಟೋಕನ್ (ಖಾತೆಯಲ್ಲಿ ದಾಖಲಾದ ಡಿಜಿಟಲ್ ಪಾಲು) ಹೊಂದಿದವರು ಮತವೀಯುವರು; ನಿಯತ ಕೋರಂ ಹಾಗೂ ಬಹುಮತ ಲಭಿಸಿದ ನಿರ್ಣಯವನ್ನು ಕೆಲವು ಸಂಘಗಳಲ್ಲಿ ತಂತ್ರಾಂಶವೇ ಜಾರಿಗೊಳಿಸುವುದು. ನಮ್ಮ ಸಹಕಾರ ಸಂಘಗಳಲ್ಲಿ ಷೇರು ಎಷ್ಟಿದ್ದರೂ ಸದಸ್ಯನಿಗೆ ಒಂದೇ ಮತ; ಇಲ್ಲಿಯಾದರೋ ಮತದ ತೂಕವು ಸಾಮಾನ್ಯವಾಗಿ ಟೋಕನ್ನಿನ ಪ್ರಮಾಣವನ್ನು ಅನುಸರಿಸುವುದರಿಂದ ಧನಿಕರ ಪ್ರಾಬಲ್ಯಕ್ಕೆ ಎಡೆಯುಂಟು.

ಭೇದ ಮತ್ತು ವಿಭಜನೆ: 2016ರಲ್ಲಿ ಇಥೀರಿಯಂ ಎಂಬ ಬ್ಲಾಕ್‌ಚೈನ್ ಜಾಲದಲ್ಲಿ ಸ್ಥಾಪಿತವಾದ ‘ದಿ ಡಿಎಒ’ ಎಂಬ ನಿಧಿಯಿಂದ, ತಂತ್ರಾಂಶದ ದೋಷವನ್ನು ಬಳಸಿಕೊಂಡ ಅನಾಮಿಕನು ಜೂನ್ 17ರಂದು ಆ ಜಾಲದ ನಾಣ್ಯವಾದ ಈಥರ್ ಅನ್ನು ಸುಮಾರು 36 ಲಕ್ಷದಷ್ಟು ಸೆಳೆದುಕೊಂಡಾಗ, ಬಹುಸಂಖ್ಯಾತರು ಜುಲೈ 20ರಂದು ಖಾತೆಯನ್ನೇ ತಿದ್ದಿ ಹಣವನ್ನು ಮರಳಿಸಿದರು; ಬರೆದುದನ್ನು ಅಳಿಸಲಾಗದೆಂಬ ತತ್ತ್ವವನ್ನು ಬಿಡಲೊಪ್ಪದವರು ತಿದ್ದದ ಖಾತೆಯನ್ನೇ ‘ಇಥೀರಿಯಂ ಕ್ಲಾಸಿಕ್’ ಎಂದು ಮುಂದುವರಿಸಿದರು.

ತುಮಕೂರು ಜಿಲ್ಲೆಯ ನಿದರ್ಶನ: ಇಂಥ ಸಾಮುದಾಯಿಕ ನಿರ್ಣಯದ ಪುರಾತನ ರೂಪವನ್ನು ಈ ಸೀಮೆಯ ಕೆರೆಗಳಲ್ಲಿ ಕಾಣಬಹುದು. ಅಚ್ಚುಕಟ್ಟಿನ ರೈತರು ನೀರಿನ ಸರದಿಯನ್ನು ನಿಶ್ಚಯಿಸುತ್ತಿದ್ದರು. ಸುಗ್ಗಿಯಲ್ಲಿ ಧಾನ್ಯದ ಪಾಲು ಪಡೆಯುತ್ತಿದ್ದ ನೀರುಗಂಟಿಯು ತದನುಸಾರ ತೂಬೆತ್ತಿ ನೀರು ಹಾಯಿಸುತ್ತಿದ್ದನು. ವಿಶ್ವಬ್ಯಾಂಕಿನ ನೆರವಿನಿಂದ 2002ರಲ್ಲಿ ಆರಂಭವಾದ ಜಲಸಂವರ್ಧನೆ ಯೋಜನೆಯು ಕೆರೆ ಬಳಕೆದಾರರ ಸಂಘಗಳ ಮೂಲಕ ಕೆರೆ ನಿರ್ವಹಣೆಯ ಹೊಣೆಗೆ ನೂತನ ರೂಪವಿತ್ತಿತು. ಆದರೆ ಹೇಮಾವತಿ ನಾಲೆಯ ನೀರನ್ನು ನೆಚ್ಚಿರುವ ತುಮಕೂರು, ಗುಬ್ಬಿ, ಕುಣಿಗಲ್ ಪ್ರದೇಶಗಳ ನಡುವೆ ಪಾಲಿನ ಪ್ರಶ್ನೆಯು ಗ್ರಾಮದ ಮೇರೆಯನ್ನು ಮೀರುವುದು. ಕುಣಿಗಲ್ ಕಡೆಗೆ ನೀರೊಯ್ಯುವ ಲಿಂಕ್ ಕೆನಾಲ್ ಕಾಮಗಾರಿಯನ್ನು ವಿರೋಧಿಸಿ 2025ರಲ್ಲಿ ಗುಬ್ಬಿ ತಾಲ್ಲೂಕಿನಲ್ಲಿ ರೈತರು ಉಗ್ರ ಪ್ರತಿಭಟನೆ ನಡೆಸಿದರು.

ವಿಮರ್ಶೆ: ಖಾತೆಗೆ ಪ್ರತಿಯುಂಟಾದುದರಿಂದ ಭಿನ್ನಮತದವರು ಅದನ್ನೇ ಕೊಂಡೊಯ್ದು ಬೇರೆ ಸಮುದಾಯವಾಗಬಲ್ಲರು; ಆದರೆ ನಾಲೆಯ ನೀರಿಗೆ ಪ್ರತಿಯಿಲ್ಲದುದರಿಂದ ಮೇಲಿನವರೂ ಕೆಳಗಿನವರೂ ಒಡಂಬಡಿಕೆಗೆ ಬಂದೇ ತೀರಬೇಕು. ವಿಭಜನೆಯ ಈ ಸೌಲಭ್ಯವು ಬ್ಲಾಕ್‌ಚೈನ್ ಸ್ವಾಡಳಿತದಲ್ಲಿ ಅಲ್ಪಸಂಖ್ಯಾತರಿಗೆ ರಕ್ಷೆಯಾಗಿರುವಂತೆಯೇ, ಸಂಧಾನದ ಅಭ್ಯಾಸವನ್ನು ಶಿಥಿಲಗೊಳಿಸುವ ದೌರ್ಬಲ್ಯವೂ ಆಗಿದೆ.