ಡ್ರೈವ್‌ವೇ ಅಲಾರಂ
ಗೇಟಿನಿಂದ ಮನೆಬಾಗಿಲವರೆಗಿನ ದಾರಿಗೆ ವಾಹನವೋ ವ್ಯಕ್ತಿಯೋ ಬಂದ ಕೂಡಲೇ ಮನೆಯೊಳಗೆ ಸದ್ದು ಮಾಡಿ ತಿಳಿಸುವ ಸಾಧನ. ಆಯ್ಕೆಯಲ್ಲಿ ಮುಖ್ಯವಾದುದು ಸೆನ್ಸರ್. ಹೆಚ್ಚು ಬಳಕೆಯಲ್ಲಿರುವ ಪಿಐಆರ್ ಸೆನ್ಸರ್ ಶಾಖದ ಚಲನೆಯನ್ನು ಗುರುತಿಸುವುದರಿಂದ ನಾಯಿ, ದನ, ಬಿಸಿಲಿಗೆ ಕಾದು ಅಲುಗುವ ಗಿಡಗಳಿಗೂ ಕೂಗಿಕೊಳ್ಳುತ್ತದೆ. ಪದೇಪದೇ ಸುಳ್ಳು ಎಚ್ಚರಿಕೆ ಕೊಡುವ ಅಲಾರಂ ಇದ್ದೂ ಇಲ್ಲದಂತೆಯೇ. ಮನೆಯವರು ಅದನ್ನು ಆರಿಸಿಬಿಡುತ್ತಾರೆ. ಪಿಐಆರ್ ಸೆನ್ಸರನ್ನು ದಾರಿಗೆ ಅಡ್ಡಲಾಗಿ ನೋಡುವಂತೆ ಕೂರಿಸುವುದು ಲೇಸು. ನೆಲದಲ್ಲಿ ಹೂಳುವ ಕಾಂತೀಯ ಸೆನ್ಸರ್, ಹಾದುಹೋಗುವ ಉಕ್ಕಿನಿಂದ ಭೂಕಾಂತಕ್ಷೇತ್ರದಲ್ಲಾಗುವ ವ್ಯತ್ಯಾಸವನ್ನು ಹಿಡಿಯುತ್ತದೆ; ದನಕರುಗಳಿಗೆ ಕೂಗದು, ಆದರೆ ನಡೆದು ಬಂದವರನ್ನೂ ಗುರುತಿಸದು. ಅವಕೆಂಪು ಕಿರಣ ಕಡಿದಾಗ ಕೂಗುವ ಜೋಡಿಕಂಬದ ಬಗೆ ದಟ್ಟ ಮಂಜಿನಲ್ಲಿ ತಪ್ಪಬಹುದು. ವೈರ್‌ಲೆಸ್ ಸಾಧನಗಳ ಮೇಲೆ ನಮೂದಿಸುವ ದೂರ ಸಾಮಾನ್ಯವಾಗಿ ಬಯಲಿನ ಲೆಕ್ಕ; ಮರ, ಗೋಡೆಗಳು ಅದನ್ನು ತಗ್ಗಿಸುತ್ತವೆ. ಭಾರತದಲ್ಲಿ 865–868 ಮೆಗಾಹರ್ಟ್ಸ್ ಶ್ರೇಣಿಯ ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿ ಬೇಕಿಲ್ಲ.